ಕೊಳವೆಯ ಇನ್ನೊಂದು ಬಾಯಿ

ತೂತುಗಳು ಒಂದೇ ಸಾಲಿನಲ್ಲಿದ್ದವು. ಅವನನ್ನು ಕೆಣಕಿದ್ದು ಅದೇ. ಏಡಿ ತೋಡಿದ್ದಾದರೆ ಬಾಯಿಯ ಸುತ್ತ ಮಣ್ಣಿನ ಸಣ್ಣ ಉಂಡೆಗಳಿರುತ್ತವೆ, ಹಕ್ಕಿ ಕುಕ್ಕಿದ್ದಾದರೆ ಪಕ್ಕದಲ್ಲೇ ಕಾಲಿನ ಗೆರೆಗಳಿರುತ್ತವೆ, ಹುಳದ ಕೊಳವೆಯಾದರೆ ಒಣಗಿದ ಈರುಳ್ಳಿ ಸಿಪ್ಪೆಯಂಥ ತುದಿ ಕೆಸರಿನಿಂದ ಬೆರಳಿನಷ್ಟು ಮೇಲೆ ನಿಂತಿರುತ್ತದೆ. ಇವು ಯಾವುದೂ ಅಲ್ಲ. ಹೆಬ್ಬೆರಳು ಇಳಿಯುವಷ್ಟು ಅಗಲದ ತೂತು, ಆಮೇಲೆ ಒಂದು ಹೆಜ್ಜೆಯಷ್ಟು ಬಯಲು, ಮತ್ತೆ ತೂತು. ರಾತ್ರಿ ಬಂದು ಹೋದ ಉಬ್ಬರ ಹೆಜ್ಜೆಗುರುತುಗಳನ್ನೆಲ್ಲ ಒರೆಸಿಹಾಕಿತ್ತು, ಆಳದ ತೂತುಗಳನ್ನು ಮಾತ್ರ ಹಾಗೇ ಬಿಟ್ಟಿತ್ತು. ಸಾಲು ದಡದ ಕಡೆಯಿಂದ ಬಂದು, ಅವನು ಈಚಿನ ವರ್ಷಗಳಲ್ಲಿ ಗಾಳದ ಹುಳಕ್ಕೆ ಅಗೆಯುತ್ತಿದ್ದ ಒಳ್ಳೆಯ ನೆಲವನ್ನು ಸೌತೆಕಾಯಿ ಸೀಳಿದ ಹಾಗೆ ಎರಡು ಮಾಡಿ, ನೀರಿನಂಚಿನವರೆಗೆ ಹೋಗಿತ್ತು. ಯಾರೋ ಅಳೆದಿದ್ದಾರೆ, ಅಂದುಕೊಂಡ. ಯಾರೋ ಯಾಕೆ, ಅಳೆಯುವವನು ಮೊನ್ನೆಯೇ ಬಂದು ಮನೆಯಲ್ಲಿ ಕೂತಿದ್ದಾನಲ್ಲ, ಎಂದೂ ಅಂದುಕೊಂಡ.

ಮೊನ್ನೆ ಬಂದವನು ಹೆಂಡತಿಯ ಅಕ್ಕನ ಗಂಡ, ಅವನ ಷಡ್ಡಕ. ಜಮೀನು ಅಳೆಯುವ ಕಚೇರಿಯಲ್ಲಿ ಸರಪಳಿ ಹಿಡಿದು ಹಿಡಿದು, ಈಗ ಸರಪಳಿ ಹಿಡಿಯುವವರನ್ನು ಬಯ್ಯುವ ಹುದ್ದೆಗೇರಿದ ಮನುಷ್ಯ. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಹೆಂಡತಿಯನ್ನೂ ಕರೆತರದೆ ಒಬ್ಬನೇ ಬಂದು, ‘ಹೀಗೇ ನಿಮ್ಮನ್ನೆಲ್ಲ ನೋಡಿಕೊಂಡು ಹೋಗೋಣ ಅಂತ’ ಎಂದು ಬ್ಯಾಗು ಇಳಿಸಿದ್ದ. ಹೀಗೇ ಎಂದು ಬರುವವರು ಯಾರೂ ಹೀಗೇ ಬರುವುದಿಲ್ಲ ಎಂದು ಅವನಿಗೆ ಅವತ್ತೇ ಅನ್ನಿಸಿತ್ತು. ಅದೂ ದೊಡ್ಡ ಇಳಿತದ ಹೊತ್ತಿಗೆ ಸರಿಯಾಗಿ.

ಈ ಕೆಸರುಬಯಲಿನಲ್ಲಿ ಬೇಲಿಯಿಲ್ಲ, ಗಡಿಕಲ್ಲಿಲ್ಲ. ನೆಟ್ಟ ಗೂಟವನ್ನು ಸಮುದ್ರ ದಿನಕ್ಕೆರಡು ಸಲ ಬಂದು ಅಲ್ಲಾಡಿಸಿ ಕಿತ್ತುಕೊಂಡು ಹೋಗುತ್ತದೆ. ಗಡಿ ಇರುವುದು ಪಾಲುದಾರನ ಕಾಲಿನಲ್ಲಿ. ವರ್ಷದ ದೊಡ್ಡ ಇಳಿತದ ದಿನ, ನೀರು ಎಂದೂ ಬಿಡದ ನೆಲವನ್ನೂ ಬಿಟ್ಟು ಹಿಂದೆ ಸರಿದಾಗ, ಪಾಲು ಬಿಟ್ಟುಕೊಡುವವನು ಅಗೆಯುವವರೆಲ್ಲರ ಮುಂದೆ ತನ್ನ ಗಡಿಯ ಮೇಲೆ ತಾನೇ ಒಂದು ಸುತ್ತು ನಡೆಯಬೇಕು. ತೆಗೆದುಕೊಳ್ಳುವವನು ಹಿಂದಿನಿಂದ ಅದೇ ಹೆಜ್ಜೆಯಲ್ಲಿ ಹೆಜ್ಜೆಯಿಡಬೇಕು. ಯಾರೂ ಬಾಯಿ ಹಾಕಿ ದಾರಿ ಹೇಳುವಂತಿಲ್ಲ. ನಡೆಯಲಾರದವನ ಪಾಲು, ನಡೆಯುತ್ತಾ ದಾರಿ ತಪ್ಪಿದವನ ಪಾಲು ಎಲ್ಲರದಾಗಿಬಿಡುತ್ತದೆ. ಆ ಇಳಿತ ನಾಳೆ ಬೆಳಿಗ್ಗೆ. ನಾಳೆ ಪಾಲು ಬಿಟ್ಟುಕೊಡುವ ಮಾವ ಮುಂದೆ, ತಾನು ಹಿಂದೆ ಎಂದು ಅವನು ಎಷ್ಟು ಸಲ ಮನಸ್ಸಿನಲ್ಲೇ ನಡೆದು ನೋಡಿದ್ದನೋ. ಈಗ ಈ ಸಾಲು ನೋಡಿದರೆ ಮಾವನ ಹಿಂದೆ ಇಬ್ಬರು ಕಾಣುತ್ತಿದ್ದರು. ಅಥವಾ ಒಬ್ಬನೇ, ಆದರೆ ಅದು ತಾನಲ್ಲ.

“ಏನೋ ಎಡಚಾ, ಬೆಳ್‌ಬೆಳಿಗ್ಗೆ ಕೆಸರಿಗೆ ಕೈಮುಗೀತಿದೀಯಾ?”

ಪಕ್ಕದ ಪಾಲಿನ ಗೂರಲಜ್ಜಿ. ಬಗ್ಗಿದವನು ಥಟ್ಟನೆ ಎದ್ದು ಹತ್ತಿರದ ತೂತಿನ ಮೇಲೆ ಪಾದವಿಟ್ಟ. ಯಾಕೆ ಮುಚ್ಚಿದೆ ಎಂದು ಅವನಿಗೇ ತಿಳಿಯಲಿಲ್ಲ.

“ಹುಳ ನೋಡ್ತಿದ್ದೆ ಅಜ್ಜಿ.”

“ನೋಡು ನೋಡು. ನಾಳೆ ನಿಮ್ಮ ಮಾವ ಬರ್ತಾನಂತಾ? ಬಯಲಿಗೆ ಕಾಲಿಟ್ಟು ಎಷ್ಟು ಕಾಲವಾಯ್ತು.”

“ಮಂಡಿ ನೋವು. ನಾಳೆ ಬರ್ತಾರೆ.”

“ಬರಲಿ. ನಿನ್ನ ಗುಂಡಿಗಳು ತೆವಳ್ತಾ ತೆವಳ್ತಾ ನನ್ನ ಕಡೆ ಬರ್ತಿವೆ ಅಂತ ನನಗೊಂದು ಗುಮಾನಿ. ಅವನು ನಡೆದರೆ ತೀರ್ಮಾನ ಆಗುತ್ತೆ.”

“ಮುಚ್ಚಿದ ಗುಂಡಿ ಯಾರದ್ದು ಅಂತ ಹೇಗೆ ಹೇಳ್ತೀಯಾ?”

“ನಿಂದು ಹೇಳೋದು ಕಷ್ಟವೇನೋ? ಎಲ್ಲರೂ ಕೆಸರು ಎಡಕ್ಕೆ ಎತ್ತಿಹಾಕಿದರೆ ನೀನು ಬಲಕ್ಕೆ. ಗೋಡೆ ಓರೆ ಬೀಳೋದೇ ಬೇರೆ ಕಡೆ. ಕೆಳಗಿನ ಜೇಡಿ ಗಟ್ಟಿ, ವಾರ ಆದರೂ ಗುರುತು ಬಿಡಲ್ಲ. ಕಣ್ಣು ಮುಚ್ಕೊಂಡು ಕೈಯಾಡಿಸಿದರೂ ಹೇಳ್ತೀನಿ, ಇದು ಎಡಚಂದು ಅಂತ.” ನಗು ಕೆಮ್ಮಾಗಿ, ಕೆಮ್ಮು ಸಿಳ್ಳೆಯಾಗಿ, ಅಜ್ಜಿ ಸಲಿಕೆಗೆ ಒರಗಿ ಉಸಿರು ಹುಡುಕಿಕೊಂಡಳು. “ಹೋಗು, ಕೊಳವೆ ಏಡೀ, ಕೆಲಸ ನೋಡು.”

ಆ ಹೆಸರು ಇಟ್ಟವಳು ಅವಳೇ. ಮೊದಲ ಸಲ ಕರೆದಾಗ ಎಲ್ಲರ ಜೊತೆ ಅವನೂ ನಕ್ಕಿದ್ದ, ಮನೆಗೆ ಹೋದ ಮೇಲೆ ಅದರ ಮುಳ್ಳು ತಿಳಿದಿತ್ತು. ಹಿಮ್ಮಡಿಯಿಂದ ಒಂದು ಕೊಳವೆಯ ತುದಿಯನ್ನು ಒತ್ತಿದ. ಒಂದು ತೋಳಿನಾಚೆ ಇನ್ನೊಂದು ತುದಿಯಿಂದ ನೀರು ಚಿಮ್ಮಿತು. ಎರಡೂ ಒಂದೇ ಕೊಳವೆಯ ಬಾಯಿಗಳು. ನಡುವೆ, ಮೊಳದಾಳದಲ್ಲಿ, ಜೋಕಾಲಿಯ ಹಗ್ಗದಂತೆ ಬಾಗಿದ ದಾರಿ. ಅದರ ತಳದಲ್ಲಿ ಹುಳ. ಬೆಣ್ಣೆಯ ಬಣ್ಣದ, ಎಲುಬಿಲ್ಲದ, ಒರಟಾಗಿ ಎತ್ತಿದರೆ ತುಂಡಾಗುವ ಮೈ. ಮರಿಯಾಗಿದ್ದಾಗ ಒಂದಷ್ಟು ಕಾಲ ನೀರಿನಲ್ಲಿ ಅಲೆದು, ಕೆಸರು ಹಿಡಿದು, ತನ್ನ ಮೈಯ ಲೋಳೆಯಿಂದಲೇ ಸುತ್ತ ಕಾಗದದಂಥ ಗೋಡೆ ಕಟ್ಟಿಕೊಂಡಿತೆಂದರೆ ಆಮೇಲೆ ಅದಕ್ಕೆ ಹೊರಗೆ ಎಂಬುದಿಲ್ಲ. ಬೆನ್ನಿನ ಬೀಸಣಿಗೆಗಳನ್ನು ಆಡಿಸುತ್ತಾ ಒಂದು ಬಾಯಿಂದ ನೀರೆಳೆದು ಇನ್ನೊಂದರಿಂದ ಬಿಡುತ್ತದೆ. ಮಧ್ಯೆ ಲೋಳೆಯದೇ ಒಂದು ಜೋಳಿಗೆ ಕಟ್ಟಿ ನೀರಿನಲ್ಲಿ ಬಂದ ಧೂಳುಕಸವನ್ನು ಸೋಸಿ, ಜೋಳಿಗೆ ತುಂಬಿದೊಡನೆ ಅದನ್ನೇ ಉಂಡೆ ಮಾಡಿ ನುಂಗಿ, ಇನ್ನೊಂದು ನೇಯುತ್ತದೆ. ಆ ಕೊಳವೆಯೊಳಗೆ ಒಂದು ಏಡಿಯೂ ಇರುತ್ತದೆ, ಕಡಲೆಕಾಳಿನಷ್ಟು. ಸಣ್ಣದಿದ್ದಾಗ ಕಿರಿದಾದ ಬಾಯಿಂದ ಒಳಗೆ ನುಗ್ಗಿ, ಹುಳ ಎಳೆದ ನೀರಿನಲ್ಲಿ ಬಂದದ್ದನ್ನು ತಿಂದು ಅಲ್ಲೇ ಬೆಳೆದು, ಕೊನೆಗೆ ಬಂದ ಬಾಯಿಂದ ಹೊರಗೆ ಹೋಗಲಾರದಷ್ಟು ದಪ್ಪ ಆಗಿಬಿಡುತ್ತದೆ. ಅದನ್ನು ಹುಳ ಸಾಕಿಕೊಂಡಿದೆಯೋ ಸಹಿಸಿಕೊಂಡಿದೆಯೋ, ಯಾರು ಕೇಳಿದ್ದಾರೆ? ಮದುವೆಯಾಗಿ ಒಂದು ಪೆಟ್ಟಿಗೆ ಹಿಡಿದು ಮಾವನ ಮನೆಯ ಬಾಗಿಲಿಗೆ ಬಂದಾಗ ಅವನೂ ತೆಳ್ಳಗಿದ್ದ. ಬಾಗಿಲು ತಗ್ಗು, ತಲೆ ತಾಗಿತ್ತು. ‘ಬಗ್ಗಿ ಬಾರಪ್ಪ’ ಎಂದಿದ್ದರು ಮಾವ. ಅಂದು ಬಗ್ಗಿದ್ದು.

ಹುಳ ತೆಗೆಯುವುದನ್ನು ಕಲಿಸಿದ್ದೂ ಮಾವನೇ. ಮೊದಲ ದಿನ ಅವನು ಗುಂಡಿ ಮುಚ್ಚದೆ ಮುಂದೆ ಹೋದಾಗ ಕೈಯಿಂದ ಸಲಿಕೆ ಕಿತ್ತುಕೊಂಡು, ಎಲ್ಲರಿಗೂ ಕೇಳುವಂತೆ, ‘ಅಗೆದದ್ದು ಮುಚ್ಚದವನ ಕೈಗೆ ಸಲಿಕೆ ಕೊಟ್ಟ ನನ್ನದೇ ತಪ್ಪು’ ಎಂದಿದ್ದರು. ಮುಚ್ಚದ ಗುಂಡಿಯಲ್ಲಿ ಮುಂದಿನ ಉಬ್ಬರ ಗಂಜಿಯಂಥ ಕೆಸರು ತುಂಬಿ ಹೋಗುತ್ತದೆ. ಮೇಲಿನಿಂದ ನೋಡಿದರೆ ಅದೂ ಬಯಲೇ. ಕಾಲಿಟ್ಟವನು ಸೊಂಟದವರೆಗೆ ಹೋಗುತ್ತಾನೆ. ಆ ಅವಮಾನ ಇಂದು ಬೆಳಿಗ್ಗೆಯದೆಂಬಂತೆ ಕಿವಿ ಬಿಸಿಯಾಯಿತು. ಗೂರಲಜ್ಜಿ ತಿರುಗಿ ತನ್ನ ಪಾಲಿನ ಆಚೆ ಕೊನೆಗೆ ಹೋಗಿದ್ದಳು. ಅವನು ತೂತುಗಳ ಸಾಲಿನ ಮೇಲೆ ನಿಂತು ಅಗೆಯತೊಡಗಿದ. ಒಂದು ಹುಳ ಬಂತು, ಬುಟ್ಟಿಗೆ ಹಾಕಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಕೈ ನಿಲ್ಲಲಿಲ್ಲ, ಜೇಡಿಯೊಳಕ್ಕೂ ಇಳಿಯಿತು. ಆಳ ತೊಡೆಗೆ ಬಂದಾಗ ಮೇಲೆ ಬಂದು, ಎತ್ತಿಹಾಕಿದ ಕೆಸರನ್ನು ದೂರಕ್ಕೆ ಹರಡಿ ಸಪಾಟು ಮಾಡಿದ. ಸರಪಳಿ ಹಿಡಿದು ಬರುವವನಿಗೆ ಒಂದು ಪಾಠವಾಗಲಿ. ಹೊಳೆಯುವ ಬೂಟು ಕಳೆದುಕೊಂಡು, ಸೊಂಟದವರೆಗೆ ಮೆತ್ತಿಕೊಂಡು ಮನೆಗೆ ಬರಲಿ. ಆಗ ಮಾವ ಕೇಳಲಿ, ಎಲ್ಲಿಗೆ ಹೋಗಿದ್ರಿ ಅಳಿಯಂದಿರೇ ಎಂದು. ಇಷ್ಟೇ ಅವನು ಯೋಚಿಸಿದ್ದು. ನೀರು ಹತ್ತುವ ಸದ್ದು ಕೇಳಿದಾಗ ಬುಟ್ಟಿ ಎತ್ತಿಕೊಂಡು ಹೊರಟ. ಎಷ್ಟೋ ದೂರ ಬಂದ ಮೇಲೆ, ಮುಚ್ಚದೆ ಬಂದ ಕೈ ತನ್ನದಲ್ಲವೆಂಬಂತೆ ಜೋತು ಬಿದ್ದಿರುವುದು ಗಮನಕ್ಕೆ ಬಂತು.

ಮನೆಯಲ್ಲಿ ಮಾವನ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಹೆಂಡತಿಯ ಪಿಸುಮಾತು, ಷಡ್ಡಕನ ಗೊಗ್ಗರು ದನಿ, ಮಾವನ ಒಂದೊಂದು ಹೂಂ. ಅವನು ಬುಟ್ಟಿ ಇಳಿಸಿದ ಸದ್ದಿಗೆ ಮೂರೂ ಒಟ್ಟಿಗೆ ನಿಂತವು. ಬಾಗಿಲ ಹೊರಗೆ ನಿಂತವನಿಗೆ ಕೊಳವೆಯ ತುದಿಯ ನೆನಪಾಯಿತು: ನೆರಳು ಬಿದ್ದರೆ ಸಾಕು, ಒಳಗೆ ಎಲ್ಲ ಸ್ತಬ್ಧ. ಹೆಂಡತಿ ಹೊರಗೆ ಬಂದು ಸೆರಗಿಗೆ ಕೈಯೊರೆಸಿಕೊಂಡಳು. ಒದ್ದೆಯಿಲ್ಲದ ಕೈಯನ್ನು ಯಾಕೆ ಒರೆಸಬೇಕು?

“ಬಂದ್ರಾ? ಕೈಕಾಲು ತೊಳ್ಕೊಳ್ಳಿ, ಊಟಕ್ಕೆ ಬಡಿಸ್ತೀನಿ.”

“ಏನು ಮಾತಾಡ್ತಿದ್ರಿ?”

“ಏನಿಲ್ಲ. ಅಕ್ಕನ ಮನೆ ವಿಷಯ.”

ಅಕ್ಕನ ಮನೆಯ ವಿಷಯಕ್ಕೆ ಬಾಗಿಲು ಹಾಕುವುದುಂಟೇ ಎಂದು ಕೇಳಲಿಲ್ಲ. ಕೇಳಿದರೆ ಇನ್ನೊಂದು ಸುಳ್ಳು ಬರುತ್ತದೆ, ಅದನ್ನೂ ನಂಬಿದಂತೆ ಮುಖ ಮಾಡಬೇಕಾಗುತ್ತದೆ. ಊಟಕ್ಕೆ ಕೂತಾಗ ಮಾವ ಎಂದಿನಂತೆ ಗೋಡೆಯ ಬದಿಯ ಜಾಗದಲ್ಲಿ ಕೂತರು. ಈಚೆಗೆ ಅವರು ಮುಖ ಕೊಟ್ಟು ಮಾತಾಡುವುದಿಲ್ಲ. ಮಾತು ಇವನೊಡನೆ, ದೃಷ್ಟಿ ಇವನ ಕಿವಿಯಾಚೆ ಎಲ್ಲೋ. ಮೊದಲೆಲ್ಲ ಬುಟ್ಟಿಯೊಳಗೆ ಬಗ್ಗಿ ನೋಡಿ, ಈ ಹುಳಕ್ಕೆ ಉಗುರು ತಾಗಿದೆ, ಇದನ್ನು ಅವಸರದಲ್ಲಿ ಎಳೆದಿದ್ದೀ ಎಂದು ಬಯ್ಯುತ್ತಿದ್ದರು. ಈಗ ಬುಟ್ಟಿಯತ್ತ ತಿರುಗಿಯೂ ನೋಡುವುದಿಲ್ಲ. ಬಯ್ಗುಳ ನಿಂತ ದಿನವೇ ಅವನಿಗೆ ಹೆದರಿಕೆ ಶುರುವಾದದ್ದು. ಬಯ್ಯುವಷ್ಟೂ ತನ್ನವನಲ್ಲ ಎಂದಾಯಿತಲ್ಲ. ತಟ್ಟೆಯ ಅಂಚನ್ನು ಬೆರಳಿನಿಂದ ಸವರಿ, ಲೋಟದೊಳಗೆ ಒಂದು ಬೆರಳು ಇಳಿಬಿಟ್ಟು ನೀರು ಸುರಿದುಕೊಳ್ಳುವ ಈ ಹೊಸ ನಿಧಾನವನ್ನೂ ಅವನು ನೋಡಿದ್ದ. ತನ್ನ ಜೊತೆ ಉಣ್ಣಲು ಬೇಸರ, ಅದಕ್ಕೇ ಕೈಗೆ ಏನಾದರೊಂದು ಕೆಲಸ ಎಂದು ಅರ್ಥ ಮಾಡಿಕೊಂಡಿದ್ದ.

“ಏನಪ್ಪಾ ಹುಳದ ಸಾಹುಕಾರ,” ಎಂದ ಷಡ್ಡಕ, “ನಿಮ್ಮ ಬಯಲಿಗೊಂದು ನಕ್ಷೆ ಬೇಡ್ವಾ? ಅರ್ಧ ದಿನ ಕೊಡು, ಬರೆದು ಕೈಗಿಡ್ತೀನಿ. ಕಾಲಲ್ಲಿ ಗಡಿ ಇಟ್ಕೊಂಡು ಓಡಾಡೋ ಜನ ನೀವೇ ನೋಡು.”

“ನೀರಿಗೆ ನಕ್ಷೆ ಬರೆಯೋನು ಇನ್ನೂ ಹುಟ್ಟಬೇಕು,” ಎಂದರು ಮಾವ.

“ಅಣ್ಣಾ,” ಎಂದ ಅವನು ಷಡ್ಡಕನ ಕಡೆ ತಿರುಗಿ. ದನಿ ತನಗೇ ಬೇರೆಯವರದೆನ್ನಿಸಿತು. “ನಿನ್ನೆ ಸಂಜೆ ಇಳಿತದಲ್ಲಿ ಬಯಲಿಗೆ ಹೋಗಿದ್ರಾ?”

ಹೆಂಡತಿಯ ಕೈಯ ಸೌಟು ಪಾತ್ರೆಗೆ ಬಡಿಯಿತು. ಷಡ್ಡಕ ಅಗಿಯುವುದನ್ನು ನಿಲ್ಲಿಸಿ ಮಾವನ ಕಡೆ ನೋಡಿದ, ಹೆಂಡತಿಯೂ ನೋಡಿದಳು. ಮಾವ ಮಾತ್ರ ಯಾರ ಕಡೆಯೂ ನೋಡದೆ ತುತ್ತು ಕಲೆಸುತ್ತಿದ್ದರು.

“ನಾನಾ? ಕೆಸರು ಕಂಡರೆ ನನಗೆ ಆಗಲ್ಲಪ್ಪ. ಈ ಬೂಟಿನ ಬೆಲೆ ಗೊತ್ತಾ ನಿನಗೆ?”

“ಇಲ್ಲ, ಹಾಗೇ ಕೇಳಿದೆ.”

“ಹಾಗೇ ಕೇಳೋರು ಯಾರೂ ಹಾಗೇ ಕೇಳಲ್ಲ,” ಎಂದು ಷಡ್ಡಕ ನಕ್ಕ. ತಾನು ಅವನ ಬಗ್ಗೆ ಅಂದುಕೊಂಡ ಮಾತೇ ಅವನ ಬಾಯಲ್ಲಿ ಕೇಳಿ ಇವನು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ.

ಸಂಜೆಗೆ ಮುಂಚೆ ಎಂದಿನಂತೆ ಹುಳದ ಬುಟ್ಟಿ ಹೊತ್ತು ಬಂದರಿನ ಅಂಗಡಿಗೆ ಹೋದ. ಗಾಳದವರಿಗೆ ಬೇಕಾದ್ದನ್ನೆಲ್ಲ ಮಾರುವ ಅಂಗಡಿ. ಹಿಂದುಗಡೆ ಕಿಟಕಿಯಿಲ್ಲದ ಕೋಣೆಯಲ್ಲಿ ತಣ್ಣನೆಯ ಉಪ್ಪುನೀರಿನ ತೊಟ್ಟಿಗಳು. ಅಂಗಡಿಯಾಕೆ ಹುಳಗಳನ್ನು ಕೊಳವೆಯ ಸಮೇತ ತೊಟ್ಟಿಗೆ ಇಳಿಸಿದಳು. ಒಂದು ಕೊಳವೆ ಹರಿದು, ಹುಳ ನೀರಿನಲ್ಲಿ ಬೆತ್ತಲೆ ಬಿತ್ತು. ಕತ್ತಲೆಯಲ್ಲಿ ಅದರ ಮೈ ಒಮ್ಮೆಗೇ ನೀಲಿಯಾಗಿ ಹೊತ್ತಿಕೊಂಡಿತು. ಲೋಳೆ ಕೂಡ ಬೆಳಗುತ್ತಾ ನೀರಿನಲ್ಲಿ ಎಳೆಯೆಳೆಯಾಗಿ ಹರಡಿತು. ಎಷ್ಟು ಸಲ ನೋಡಿದರೂ ಅವನಿಗೆ ಇದು ಒಗಟು. ಜನ್ಮವೆಲ್ಲ ಬೆಳಕು ಹಾಯದ ಗೋಡೆಯೊಳಗೆ, ಕೆಸರಿನ ಕೆಳಗೆ ಇರುವ ಜೀವಕ್ಕೆ ಈ ದೀಪ ಯಾಕೆ? ಯಾರಿಗೆ ಕಾಣಲಿ ಎಂದು? ಹೊರಗೆಳೆದು ನೋಯಿಸಿದವನಿಗೆ ಮಾತ್ರ ಕಾಣುತ್ತದೆ. ಹೆಂಡತಿಯ ಮುಖವೂ ಮಧ್ಯಾಹ್ನ ಹಾಗೇ ಒಂದು ಕ್ಷಣ ಹೊತ್ತಿಕೊಂಡು ಆರಿತ್ತು, ಅವನು ಆ ಪ್ರಶ್ನೆ ಕೇಳಿದಾಗ. ಭಯವೇ ಅದು? ಸಿಕ್ಕಿಬಿದ್ದವರ ಭಯ?

“ನಿಮ್ಮ ಷಡ್ಡಕರು ಬೆಳಿಗ್ಗೆ ಬಂದಿದ್ರು,” ಎಂದಳು ಅಂಗಡಿಯಾಕೆ ಕೈ ಝಾಡಿಸುತ್ತಾ. “ನಾಡಿದ್ದು ಪಟ್ಟಣಕ್ಕೆ ಮೊದಲ ಬಸ್ಸು ಯಾವಾಗ, ವಯಸ್ಸಾದವರಿಗೆ ಮುಂದಿನ ಸೀಟು ಸಿಗುತ್ತಾ ಅಂತ ಕೇಳಿದ್ರು. ನಿಮ್ಮ ಮಾವನನ್ನ ಕರ್ಕೊಂಡು ಹೋಗ್ತಾರಾ?”

“ಹೌದು,” ಎಂದ ಅವನು, ಗೊತ್ತಿದ್ದವನಂತೆ. “ಏನೋ ಕೆಲಸ ಇದೆ.”

“ಮನೆಗೊಬ್ಬ ತಿಳಿದವರು ಇದ್ದರೆ ಎಷ್ಟು ಅನುಕೂಲ ಅಲ್ವಾ.”

ಅಲ್ವಾ ಎಂದವಳ ಮುಖದಲ್ಲಿ ನಗುವಿತ್ತೋ ಇಲ್ಲವೋ ಕತ್ತಲೆಯಲ್ಲಿ ಕಾಣಲಿಲ್ಲ. ಪಟ್ಟಣದಲ್ಲಿ ಏನಿದೆ? ನೋಂದಣಿ ಕಚೇರಿ ಇದೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುವವರಿದ್ದಾರೆ. ಕಾಲಿನಲ್ಲಿರುವ ಗಡಿಯನ್ನು ಕಾಗದಕ್ಕೆ ಇಳಿಸಿದರೆ ಮುಗಿಯಿತು, ಆಮೇಲೆ ಯಾರು ಯಾರ ಹಿಂದೆ ನಡೆದರೇನು. ಇಷ್ಟು ವರ್ಷ ತಾನು ಅಗೆದದ್ದು, ಮುಚ್ಚಿದ್ದು, ಚಳಿಯಲ್ಲಿ ಬೆರಳು ಸೀಳಿಕೊಂಡದ್ದು. ದಾರಿಯುದ್ದಕ್ಕೂ ಅವನು ಷಡ್ಡಕನನ್ನು ಗುಂಡಿಗೆ ಬೀಳಿಸುತ್ತಾ ಬಂದ. ಒಂದು ಸಲ ತೊಡೆಯವರೆಗೆ, ಒಂದು ಸಲ ಸೊಂಟದವರೆಗೆ. ಒಂದು ಸಲ ಎಲ್ಲೋ ಮೀರಿಹೋಗಿ ಎದೆಯವರೆಗೆ ಹೋದಾಗ ತನಗೇ ಹೆದರಿಕೆಯಾಗಿ ಮೇಲೆತ್ತಿದ. ಆಗ ನೀರಿನ ಲೆಕ್ಕ ನೆನಪಾಯಿತು. ದೊಡ್ಡ ಇಳಿತದ ಹಿಂದೆಯೇ ದೊಡ್ಡ ಉಬ್ಬರ. ನಡೆದು ಬರುವುದಿಲ್ಲ ಅದು, ಓಡಿ ಬರುತ್ತದೆ.

ಮನೆಯ ಬಾಗಿಲು ತೆರೆದಿತ್ತು. ಜಗುಲಿಯ ಬೆಂಚಿನ ಮೇಲೆ ಷಡ್ಡಕ ಬಾಯಿ ತೆರೆದು ಮಲಗಿ ಗೊರಕೆ ಹೊಡೆಯುತ್ತಿದ್ದ. ಬೆಂಚಿನ ಕೆಳಗೆ ಬೂಟುಗಳು ಕೆಸರಿನ ಕಲೆಯಿಲ್ಲದೆ, ಒಂದರ ಪಕ್ಕ ಒಂದು, ಸಭ್ಯವಾಗಿ ಕೂತಿದ್ದವು. ಅವನು ಆ ಬೂಟುಗಳನ್ನೇ ನೋಡುತ್ತಾ ನಿಂತ. ಮಾವನ ಕೋಣೆ ಖಾಲಿಯಿತ್ತು. ಹೆಂಡತಿ ಹಿತ್ತಿಲ ಬಾಗಿಲಲ್ಲಿ ಸಮುದ್ರದ ಕಡೆ ನೋಡುತ್ತಾ ನಿಂತಿದ್ದವಳು ಬೆಚ್ಚಿ ತಿರುಗಿದಳು.

“ಮಾವ ಎಲ್ಲಿ?”

“ಇಲ್ಲೇ ಹೊರಗೆ… ಗಾಳಿಗೆ ಅಂತ.”

“ಬಯಲಿಗಾ?”

ಅವಳು ಮತ್ತೆ ಸಮುದ್ರದ ಕಡೆ ನೋಡಿದಳು. ಅವನ ಬಾಯಿಂದ ಮುಂದಿನ ಮಾತು ತಾನಾಗಿ ಬಂತು. ಬಂದ ಮೇಲೆಯೇ ಅದರ ಅರ್ಥ ಅವನಿಗೆ ಆದದ್ದು.

“ಕೋಲು ತಗೊಂಡು ಹೋಗಿದಾರಾ?”

“ಯಾರು ಹೇಳಿದ್ರು ನಿಮಗೆ?”

“ಏನನ್ನ?”

“ಅಪ್ಪನ ಕಣ್ಣಿನ ವಿಷಯ.” ಅವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. “ನಿಮಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು. ಗೊತ್ತಾದರೆ ನೀವು ಕೈಹಿಡಿದು ನಡೆಸೋಕೆ ಶುರು ಮಾಡ್ತೀರಿ, ನಾಲ್ಕು ಜನ ನೋಡ್ತಾರೆ, ನಾಳೆ ನಡೆಯೋಕೇ ಬಿಡಲ್ಲ, ಪಾಲು ನಿಮಗೆ ಸಿಗಲ್ಲ ಅಂತ. ನೀವು ಅಂಗಡಿಗೆ ಹೋದ ಹೊತ್ತಲ್ಲಿ ನಿನ್ನೆಯಿಂದ ಹೋಗಿ ಕೋಲೂರಿ ದಾರಿ ಅಭ್ಯಾಸ ಮಾಡ್ತಿದಾರೆ. ನಾಳೆ ಕೋಲು ಬಿಟ್ಟು ನಡೀತೀನಿ ಅಂತ. ನಾಡಿದ್ದು ಭಾವ ಆಸ್ಪತ್ರೆಗೆ… ರೀ, ಎಲ್ಲಿಗೆ? ಏನಾಯ್ತು?”

ಅವನು ಓಡುತ್ತಿದ್ದ. ಸಲಿಕೆ ತರಲಿಲ್ಲ ಎಂಬುದು ಬಯಲಿಗೆ ಇಳಿದ ಮೇಲೆ ನೆನಪಾಯಿತು. ಕಣಕಾಲಿನವರೆಗೆ ಹೂತುಕೊಂಡು ಹಿಡಿಯುವ ಕೆಸರು. ಓಡಿದಷ್ಟೂ ಹಿಂದಕ್ಕೆ ಎಳೆಯುತ್ತದೆ. ಬೆಳಕು ಇನ್ನೂ ಚೆನ್ನಾಗಿತ್ತು. ಬೆಳಕು ಅಷ್ಟು ಚೆನ್ನಾಗಿದ್ದುದನ್ನೇ ಅವನಿಂದ ತಡೆದುಕೊಳ್ಳಲಾಗಲಿಲ್ಲ. ಬೆಳಿಗ್ಗೆ ತಾನು ಸಪಾಟು ಮಾಡಿದ ಜಾಗದಲ್ಲಿ ಮಾವ ಸೊಂಟದವರೆಗೆ ನೆಲದೊಳಗಿದ್ದರು. ಕೋಲು ಕೈಗೆಟುಕದ ದೂರದಲ್ಲಿ ಬಿದ್ದಿತ್ತು. ನೀರಿನ ಅಂಚು ಅದರ ತುದಿಯನ್ನು ಆಗಲೇ ಮುಟ್ಟಿ ಮುಟ್ಟಿ ಹೋಗುತ್ತಿತ್ತು. ಮಾವ ಕೂಗುತ್ತಿರಲಿಲ್ಲ, ಒದ್ದಾಡುತ್ತಿರಲಿಲ್ಲ. ಒದ್ದಾಡಿದರೆ ಇನ್ನೂ ಇಳಿಯುತ್ತೇವೆಂದು ಬಲ್ಲ ಮನುಷ್ಯ. ಗಂಜಿಗೆಸರಿನೊಳಗೆ ಎರಡೂ ಕೈ ಇಳಿಬಿಟ್ಟು ಗುಂಡಿಯ ಗೋಡೆಯನ್ನು ಮೆಲ್ಲಗೆ, ಹಸುವಿನ ಮೈ ಸವರುವ ಹಾಗೆ, ಸವರುತ್ತಾ ನಿಂತಿದ್ದರು.

“ಯಾರು?” ಎಂದರು. ಅವನು ಅವರ ಎದುರಿಗೇ, ಹತ್ತು ಮಾರು ದೂರದಲ್ಲಿ, ಹಗಲು ಬೆಳಕಿನಲ್ಲಿ ನಿಂತಿದ್ದ.

“ನಾನು.”

“ಓ, ನೀನಾ. ಬಾರಪ್ಪ. ನಿಧಾನ. ಇಲ್ಲಿ ನೆಲ ಸರಿಯಿಲ್ಲ.”

ಅವನು ಹೊಟ್ಟೆಯ ಮೇಲೆ ಮಲಗಿ, ಬರಿಗೈಯಿಂದ ಅವರ ತೊಡೆಯ ಸುತ್ತಲಿನ ಕೆಸರನ್ನು ತೋಡಿದ. ತೋಡಿದಷ್ಟೂ ತುಂಬಿಕೊಳ್ಳುತ್ತಿತ್ತು. ಮೊದಲ ಅಲೆ ಬಂದು ಗುಂಡಿಗೆ ನೀರು ಹೊಯ್ದಾಗ ಕೆಸರು ಸಡಿಲಿತು. ಮುಳುಗಿಸಲು ಬಂದ ನೀರೇ ಬಿಡಿಸಿಕೊಟ್ಟಿತು. ಕಂಕುಳಿಗೆ ಕೈ ಹಾಕಿ ಎಳೆದ. ಒಂದು ಕಾಲು ಬಂತು, ಇನ್ನೊಂದು ಕಾಲು ತಿರುಚಿಕೊಂಡು ಬಂತು. ಮಾವ ಹಲ್ಲು ಕಚ್ಚಿದರು, ಅಷ್ಟೇ. ಬೆನ್ನ ಮೇಲೆ ಹೊತ್ತುಕೊಂಡು ದಡದ ಕಡೆ ನಡೆಯುವಾಗ ಅವರ ಕೆಸರುಗೈಗಳು ಅವನ ಕೊರಳಿನ ಸುತ್ತ ಇದ್ದವು. ಗೋಡೆ ಸವರಿದ ಕೈಗಳು. ಅವು ಏನೇನು ಓದಿವೆ? ಹೇಳಿಬಿಡಬೇಕು, ಈಗಲೇ, ಮುಖ ಕಾಣದೆ ಇರುವಾಗ, ಎಂದು ಬಾಯಿ ತೆರೆದ. ಅಷ್ಟರಲ್ಲಿ ಮಾವನೇ ಅಂದರು: “ನೀರು ಕೊರೆದಿರಬೇಕು.”

ನೀರು ಜೇಡಿಯನ್ನು ಹಾಗೆ ಕೊರೆಯುವುದಿಲ್ಲವೆಂದು ಅವನಿಗೆ ಕಲಿಸಿದವರು ಅವರೇ. “ಹೂಂ,” ಎಂದ. ಆ ಹೂಂ ಬಾಯಿಂದ ಬಿದ್ದ ಮೇಲೆ ಹೇಳುವುದಕ್ಕೆ ಏನೂ ಉಳಿಯಲಿಲ್ಲ.

ಮನೆಯಲ್ಲಿ ಬಿಸಿನೀರು, ಬಟ್ಟೆಯ ಪಟ್ಟಿ, ಹೆಂಡತಿಯ ಅಳು, ಷಡ್ಡಕನ ಗದ್ದಲ. ಊದಿಕೊಂಡ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಸುತ್ತಿದವನು ಷಡ್ಡಕನೇ. ಅವನ ಕೈ ಅಷ್ಟು ಮೃದುವೆಂದು ಇವನಿಗೆ ತಿಳಿದಿರಲಿಲ್ಲ. “ಯಾವ ಬೇವರ್ಸಿ ಹಾಗೆ ಗುಂಡಿ ಬಿಟ್ಟು ಹೋದದ್ದು? ಸಿಕ್ಕಿದರೆ ಅವನನ್ನೇ ಅದರಲ್ಲಿ ಹೂಳಬೇಕು. ಅಲ್ವೇನಪ್ಪಾ?” ಎಂದ. ಇವನು ಹೂಂ ಎಂದ. ಎರಡನೇ ಹೂಂ. ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕಾಣದವರಿಗೆ ಯಾವ ಕಡೆ ತಿರುಗಿದರೇನು, ಬೇಕೆಂದೇ ತಿರುಗಿದ್ದಾರೆ ಎಂದುಕೊಂಡ. ನಾಳೆ ಎಲ್ಲರ ಮುಂದೆ ಹೇಳಬೇಕೆಂದಿದ್ದಾರೆ, ಅದಕ್ಕೇ ಈಗ ಸುಮ್ಮನಿದ್ದಾರೆ. ಅಥವಾ ಎಂದೂ ಹೇಳುವುದಿಲ್ಲ. ಹೇಳದೆಯೇ ಇಟ್ಟುಕೊ ಎಂದು ಪಾಲಿನ ಜೊತೆ ಇದನ್ನೂ ಬಿಟ್ಟುಕೊಡುತ್ತಾರೆ. ಯಾವುದು ಹೆಚ್ಚು ಕಷ್ಟವೋ ಅವನಿಗೆ ತೀರ್ಮಾನವಾಗಲಿಲ್ಲ.

ಬೆಳಿಗ್ಗೆ ಸಮುದ್ರ ಕಣ್ಣಿಗೆಟುಕದಷ್ಟು ಹಿಂದೆ ಹೋಗಿತ್ತು. ಎಂದೂ ಬೆಳಕು ಕಾಣದ ನೆಲ, ಅದರ ತುಂಬ ಕೊಳವೆಗಳ ತುದಿಗಳು, ಕೊಯ್ದ ಹೊಲದ ಕೂಳೆಗಳಂತೆ. ಅಗೆಯುವವರೆಲ್ಲ ಸಲಿಕೆ ಊರಿ ಸಾಲಾಗಿ ನಿಂತಿದ್ದರು. ಮಾವ ಕೋಲು ಮನೆಯಲ್ಲೇ ಬಿಟ್ಟು, ಅವನ ಹೆಗಲ ಮೇಲೆ ಒಂದು ಕೈಯಿಟ್ಟು ಕುಂಟುತ್ತಾ ಬಂದರು.

“ಇದೇನು, ಅಳಿಯನನ್ನ ಊರುಗೋಲು ಮಾಡ್ಕೊಂಡ್ಯಾ?” ಎಂದಳು ಗೂರಲಜ್ಜಿ.

“ಕಾಲು ಉಳುಕಿದೆ ಕಣೇ. ದಾರಿ ನನ್ನದು, ಹೆಗಲು ಅವನದು. ಅವನು ಬಾಯಿ ಬಿಟ್ಟರೆ ಹೇಳು, ವಾಪಸ್ ಹೋಗ್ತೀನಿ.”

ಯಾರೂ ಬೇಡವೆನ್ನಲಿಲ್ಲ. ಅರ್ಧ ಹೆಜ್ಜೆ ಹಿಂದಿನ ಅವನ ಹೆಗಲು ಹಿಡಿದು ಮಾವ ನಡೆದರು. ಹೆಜ್ಜೆ ಹೆಜ್ಜೆಗೂ ಒಳ್ಳೆಯ ಪಾದದಿಂದ ನೆಲವನ್ನು ಒಮ್ಮೆ ತೀಡಿ, ಗಟ್ಟಿಯೋ ಮೆತ್ತಗೋ, ಚಿಪ್ಪಿದೆಯೋ ಮರಳಿದೆಯೋ ಕೇಳಿಕೊಂಡು. ಮೊದಲ ಮೂಲೆಯಲ್ಲಿ ತಿರುಗಿದರು, ಎರಡನೆಯದರಲ್ಲಿ ತಿರುಗಿದರು. ತಿರುಗಿದ ಮೇಲೆ ಅವನಿಗೆ ಗೊತ್ತಾಯಿತು, ಇದು ಆ ತೂತುಗಳ ಸಾಲು. ಪಾಲು ಎರಡು ಮಾಡಿದ ಗೆರೆಯಲ್ಲ ಅದು, ಗಡಿಯೇ ಅದು. ಅದರಾಚೆ ಅವನು ಈಚಿನ ವರ್ಷಗಳಲ್ಲಿ ಅಗೆದ ಒಳ್ಳೆಯ ನೆಲವೆಲ್ಲ ಗೂರಲಜ್ಜಿಯದು. ಅಜ್ಜಿ ನೋಡುತ್ತಿದ್ದಳು, ಜನ ನೋಡುತ್ತಿದ್ದರು, ಅವನ ಮುಚ್ಚಿದ ಗುಂಡಿಗಳ ಕಲೆಗಳು ಗಡಿಯ ಆಚೆ ಒಂದೊಂದಾಗಿ ಕಾಣುತ್ತಿದ್ದವು. ಮಾವ ಒಂದು ಗೇಣೂ ಆ ಕಡೆ ಸರಿಯಲಿಲ್ಲ. ನೇರ ಮುಂದೆ ಆ ಗುಂಡಿಯಿತ್ತು, ರಾತ್ರಿಯ ಉಬ್ಬರ ಅರ್ಧ ತುಂಬಿ, ಒಂದು ಕಡೆಯ ಜೇಡಿಗೋಡೆ ನುಣ್ಣಗೆ ಹೊಳೆಯುತ್ತಾ. ಹೆಗಲನ್ನು ಸ್ವಲ್ಪ ಸರಿಸಿದರೆ ಸಾಕು, ಮಾವ ಸುತ್ತಿಕೊಂಡು ಹೋಗುತ್ತಾರೆ. ಆದರೆ ಗಡಿ ತಪ್ಪುತ್ತದೆ. ಸರಿಸದಿದ್ದರೆ ಮತ್ತೆ ಅದರೊಳಗೆ. ಬಾಯಿ ತೆರೆಯುವಂತಿಲ್ಲ. ಅಂಚಿಗೆ ಒಂದೇ ಹೆಜ್ಜೆ ಇರುವಾಗ ಮಾವ ನಿಂತರು.

“ಇಲ್ಲೊಂದು ಗುಂಡಿ ಇದೆ. ನೀರು ಕೊರೆದದ್ದು. ನಿನ್ನೆ ನಾನು ಬಿದ್ದದ್ದು ಇದರಲ್ಲೇ. ಮುಚ್ಚಪ್ಪ, ದಾಟಿ ಹೋಗೋಣ.”

ಗೂರಲಜ್ಜಿ ಹತ್ತಿರ ಬಂದು ಬಗ್ಗಿ ಗೋಡೆಯನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು.

“ನೀರಿಗೂ ಎಡಗೈ ಇರುತ್ತೆ ಅಂತ ನನಗೆ ಇಷ್ಟು ವಯಸ್ಸಾದರೂ ಗೊತ್ತಿರಲಿಲ್ಲ ನೋಡು.”

ಯಾರೂ ನಗಲಿಲ್ಲ. ತನ್ನ ಸಲಿಕೆಯನ್ನು ಅವಳೇ ಅವನತ್ತ ಚಾಚಿದಳು. ಅವನು ಅದನ್ನು ಬಲಗೈಯಲ್ಲಿ ತೆಗೆದುಕೊಂಡ. ಬಲಗೈಯಲ್ಲೇ ಕೆಸರು ಎತ್ತಿದ. ಸಲಿಕೆ ತಿರುಗಿತು, ಕೆಸರು ಕಾಲಿನ ಮೇಲೆ ಬಿತ್ತು. ಇನ್ನೊಮ್ಮೆ ಎತ್ತಿದ, ಅರ್ಧ ಗುಂಡಿಗೆ, ಅರ್ಧ ಹೊರಗೆ. ಎಲ್ಲರ ಕಣ್ಣು ಆ ಕೈಯ ಮೇಲಿತ್ತು. ಮಾವ ಕಣ್ಣಿಲ್ಲದ ಮುಖವನ್ನು ಒಂದು ಕಡೆಗೆ ವಾಲಿಸಿ ಸಲಿಕೆಯ ಸದ್ದನ್ನು ಕೇಳುತ್ತಿದ್ದರು. ಹೆಗಲಿನಿಂದ ಬೆನ್ನಿಗಿಳಿದಿದ್ದ ಅವರ ಅಂಗೈಗೆ ತನ್ನ ಯಾವ ಸ್ನಾಯು ಎಳೆಯುತ್ತಿದೆ ಎಂದು ತಿಳಿಯುತ್ತಿರಬಹುದು ಎಂದು ಅವನಿಗೆ ಹೊಳೆಯಿತು.

“ನಿನ್ನ ಕೈಲೇ ಮುಚ್ಚಪ್ಪ,” ಎಂದರು. ದನಿ ಎತ್ತರಿಸಲಿಲ್ಲ, ಇಬ್ಬರಿಗಷ್ಟೇ ಕೇಳುವಷ್ಟು.

ಅವನು ಸಲಿಕೆಯನ್ನು ಎಡಗೈಗೆ ಬದಲಿಸಿದ. ಕೆಸರು ಸಲೀಸಾಗಿ ಬಂತು. ಮುಚ್ಚುತ್ತಾ ಹೋದ, ಮಾವನ ಅಂಗೈ ಬೆನ್ನ ಮೇಲೆ ಏಳುತ್ತಾ ಇಳಿಯುತ್ತಾ ಇತ್ತು. ಅದು ಸಂತೈಸುತ್ತಿತ್ತೋ, ಇನ್ನೂ ಓದುತ್ತಿತ್ತೋ. ನೆಲ ಸಮವಾದಾಗ ಮೊದಲು ತಾನೇ ಅದರ ಮೇಲೆ ನಿಂತು ಹಿಮ್ಮಡಿಯಿಂದ ಒತ್ತಿ ನೋಡಿದ. ಒಂದು ತೋಳಿನಾಚೆ, ಮುರಿಯದೆ ಉಳಿದಿದ್ದ ಯಾವುದೋ ಕೊಳವೆಯ ಇನ್ನೊಂದು ಬಾಯಿಂದ ನೀರು ಚಿಳ್ಳನೆ ಚಿಮ್ಮಿತು.

“ಹುಳ ಇದೆ,” ಎಂದರು ಮಾವ, ಆ ಸದ್ದಿನ ಕಡೆ ತಿರುಗಿ. “ನಡಿ.”